ನಾನು ಕೊಟ್ಟ ಸೊನ್ನೆ

ಎಂಬತ್ತರ ದಶಕದಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಪ್ಪಿಲ್ಲವೆಂದು ಗಣಿತದಿಂದ ಸಾಧಿಸುವ ವಿಷಯದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೆ. ಜೊತೆಗೆ ಶಹಾಬಾದಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತಿದ್ದೆ. ಅಲ್ಲಿ ಕಂಪ್ಯೂಟರೇ ಇರಲಿಲ್ಲ. ನಾನು ಕರಿಹಲಗೆಯ ಮೇಲೆ ಸಾಧಿಸುವುದು, ಹುಡುಗರು ಅದನ್ನು ಉರು ಹೊಡೆಯುವುದು, ಇಷ್ಟೇ ನಮ್ಮ ವಿದ್ಯೆ. ನನ್ನ ಜಂಬಕ್ಕೇನೂ ಕಡಿಮೆ ಇರಲಿಲ್ಲ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಆ ವರ್ಷದ ಪರೀಕ್ಷೆಗೆ ಪ್ರಶ್ನೆ ತೆಗೆದವನೂ ಮಾದರಿ ಉತ್ತರ ಬರೆದವನೂ ನಾನೇ. ಪಟ್ಟಿಯಲ್ಲಿನ ಅತಿ ದೊಡ್ಡ ಸಂಖ್ಯೆಯನ್ನು ಹುಡುಕುವ ಪ್ರೋಗ್ರಾಂ ಕೊಟ್ಟು, ಇದು ಸರಿಯೆಂದು ಸಾಧಿಸಿ ಎಂದಿದ್ದೆ. ಎಲ್ಲರೂ ನನ್ನ ನೋಟ್ಸನ್ನೇ ಅಕ್ಷರ ಬಿಡದೆ ಇಳಿಸಿದ್ದರು. ಸುಲೇಪೇಟದಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿ ಮಾತ್ರ ಮೂರೇ ಸಾಲು ಬರೆದಿದ್ದಳು. ಪ್ರೋಗ್ರಾಂ ಮೊದಲಿಗೇ ಸೊನ್ನೆಯನ್ನು ದೊಡ್ಡದೆಂದು ಹಿಡಿಯುತ್ತದೆ. ಪಟ್ಟಿಯಲ್ಲಿರುವುದೆಲ್ಲ ಸೊನ್ನೆಗಿಂತ ಕಡಿಮೆಯಿದ್ದರೆ, ಪಟ್ಟಿಯಲ್ಲೇ ಇಲ್ಲದ ಸೊನ್ನೆ ಉತ್ತರವಾಗುತ್ತದೆ. ಆದ್ದರಿಂದ ಇದನ್ನು ಸಾಧಿಸಲು ಬರುವುದಿಲ್ಲ.

ಅವಳು ಬರೆದದ್ದು ಸರಿ. ನಾನು ವರ್ಷವಿಡೀ ಸಾಧಿಸಿದ್ದು ತಪ್ಪು ಪ್ರೋಗ್ರಾಮನ್ನು.

ಆ ಉತ್ತರಪತ್ರಿಕೆ ಹಿಡಿದು ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಅವರು ಎಲೆಯಡಿಕೆ ಜಗಿಯುತ್ತಲೇ, "ಮಾದರಿ ಉತ್ತರದಾಗ ಏನದ ಅದಕ್ಕಷ್ಟೇ ಅಂಕ ಕೊಡ್ರಿ. ಒಬ್ಬಾಕಿ ಸಲುವಾಗಿ ಎಲ್ಲಾರ್ದೂ ತಿದ್ತೀರೇನು? ನಿಮ್ಮ ಮಾನಾನೇ ಹೋಗ್ತದ. ಸುಮ್ ಕುಂದ್ರಿ" ಅಂದರು.

ಕುಂತೆ. ಅವಳಿಗೆ ಸೊನ್ನೆ ಹಾಕಿದೆ. ಆ ಒಂದು ಪ್ರಶ್ನೆಯಿಂದ ಅವಳು ಫೇಲಾದಳು.

ವಾಡಿ ಸ್ಟೇಷನ್ನಿನಲ್ಲಿ ಒಂದು ದಿನ ಎದುರಾದಳು. "ಸರ, ಇನ್ನೊಂದ್ ಸಲ ಫೇಲಾದ್ರ ಓದು ಬಿಡಸ್ತೀವಿ ಅಂದಾರ್ರಿ ಮನ್ಯಾಗ. ನಾ ಬರದದ್ದು ತಪ್ಪೇನ್ರಿ?"

ಎರಡು ಅಕ್ಷರ ಸಾಕಿತ್ತು, ಸರಿ ಅನ್ನಲಿಕ್ಕೆ. ನಾನು, "ನೋಟ್ಸ್ ಚೆಂದಾಗಿ ಓದವ್ವ" ಅಂದು, ನನ್ನದಲ್ಲದ ರೈಲು ಹತ್ತಿದೆ. ಚಿತ್ತಾಪುರದಲ್ಲಿ ಇಳಿದು ವಾಪಸು ಬಂದೆ. ಅಂಥ ಹೇಡಿ ನಾನು.

ಮರುಪರೀಕ್ಷೆಯ ಪ್ರಶ್ನೆಪತ್ರಿಕೆ ಮುಖ್ಯಸ್ಥರು ತೆಗೆದರು. ಹೊಸದು ಯೋಚಿಸುವ ಗೋಜಿಗೆ ಹೋಗದೆ ನನ್ನ ಪ್ರಶ್ನೆಯನ್ನೇ ಹಾಕಿಬಿಟ್ಟರು. ನಾನು ತಿದ್ದಲು ಕುಳಿತಾಗ ಅವಳ ದುಂಡನೆಯ ಅಕ್ಷರ ಗುರುತು ಸಿಕ್ಕಿತು. ಪುಟದ ತುಂಬ ನನ್ನ ಸಾಧನೆ, ನನ್ನ ತಪ್ಪಿನ ಸಮೇತ, ಒಂದು ಚುಕ್ಕೆಯೂ ಆಚೀಚೆಯಾಗದೆ. ಆ ಮೂರು ಸಾಲು ಎಲ್ಲೂ ಇರಲಿಲ್ಲ.

ಪೂರ್ತಿ ಅಂಕ ಕೊಟ್ಟೆ.