ಬೆಳಗಿದ ಕಾಸು

ಅಕ್ಕ ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಪ್ಪನ ಆನೆಕಾಸುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದನ್ನು ನಾನು ನಿಜವಾಗಿ ನೋಡಿದ್ದೆನೋ ಇಲ್ಲವೋ, ಈಗ ಹೇಳಲಾರೆ. ನೋಡಿದ್ದೆ ಎಂದು ವರ್ಷಾನುಗಟ್ಟಲೆ ನಂಬಿದ್ದೆ. ಹಿತ್ತಾಳೆ ತಟ್ಟೆ, ಅದರೊಳಗೆ ಕಂದು ನೀರು, ಬಳೆಗಳ ಸದ್ದು, ಹಿಂಬಾಗಿಲಲ್ಲಿ ನಿಂತು ಅಪ್ಪ ಕೂಗಾಡಿದ್ದು, ಎಲ್ಲವೂ ಇದೆ. ನನ್ನ ಅಂಗಿ ಜೇಬಿನಲ್ಲಿ ಎಂ.ಎ. ಫಲಿತಾಂಶ ಬರೆದುಕೊಂಡ ಚೀಟಿ ಇತ್ತು, ಯಾರೂ ಅದನ್ನು ಕೇಳಲಿಲ್ಲ ಎನ್ನುವುದೂ ಇದೆ. ಇಷ್ಟೆಲ್ಲ ಇರುವುದರಿಂದಲೇ ನನಗೆ ಅನುಮಾನ. ನಾನು ಓದಿದ್ದು ತತ್ತ್ವಶಾಸ್ತ್ರ. ಇಷ್ಟು ಸ್ವಚ್ಛವಾಗಿರುವ ನೆನಪನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅನುಮಾನ ಮಾತ್ರ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸಿಟ್ಟಿಗೆ ಬರೆಯುತ್ತಿದ್ದೇನೆ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಬಂತೆಂದರೆ ಮಾರ್ಕೆಟ್ಟಿನ ಹಿಂದಿನ ಗುಜರಿ ಅಂಗಡಿಗಳಿಗೆ ಹೋಗಿ, ಹಳೆಯ ಬೀಗ, ಮುರಿದ ಲೋಟಗಳ ರಾಶಿಯಿಂದ ನಾಣ್ಯಗಳನ್ನು ಹೆಕ್ಕಿಕೊಂಡು ಬರುತ್ತಿದ್ದರು. ಹೆಚ್ಚಿನವು ಮೈಸೂರು ಸಂಸ್ಥಾನದ ತಾಮ್ರದ ಕಾಸುಗಳು, ಒಂದು ಬದಿಯಲ್ಲಿ ಪುಟ್ಟ ಆನೆ ಇರುವಂಥವು. ಸ್ವಲ್ಪ ಬೆಳ್ಳಿ ರೂಪಾಯಿಗಳಿದ್ದವು. ಉಗುರಿಗಿಂತ ಚಿಕ್ಕದಾದ ಚಿನ್ನದ ಹಣಗಳೂ ಕೆಲವು. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಗಳಲ್ಲಿ ಇಡುತ್ತಿದ್ದರು. ಯಾರೂ ಮುಟ್ಟುವ ಹಾಗಿರಲಿಲ್ಲ, ವರ್ಷಕ್ಕೊಂದು ದಿನ ಬಿಟ್ಟು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ತಟ್ಟೆಯಲ್ಲಿ ಇಡಲು ಅಮ್ಮ ಕಾಸು ಕೇಳುತ್ತಿದ್ದಳು. ಅಪ್ಪ ಗೊಣಗಿಕೊಂಡು ಒಂದು ಡಬ್ಬ ಕೊಡುತ್ತಿದ್ದರು.

ಅಮ್ಮ ಹೋಗಿ ಬಹಳ ವರ್ಷವಾಯಿತು. ಅಪ್ಪ ಹೋದ ಮೇಲೆ ಮನೆ ಅಣ್ಣನದಾಯಿತು. ಅಣ್ಣ ನನಗೆ ನನ್ನ ಪಾಲಿನ ದುಡ್ಡು ಕೊಟ್ಟ. ಅಕ್ಕನನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅಲ್ಲಿಂದ ಬಂದ ಮೇಲೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ ಇಟ್ಟು ಕೊಟ್ಟ. ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಕೊಡುವುದು ಹೀಗೆ. ಕಾನೂನು ಬೇರೆ ಹೇಳುತ್ತದೆ, ಆದರೆ ಕಾನೂನು ಯಾರ ಮನೆಗೂ ಊಟಕ್ಕೆ ಬರುವುದಿಲ್ಲವಲ್ಲ. ಅಕ್ಕ ಸೀರೆ ತೆಗೆದುಕೊಂಡು ಗಂಡನ ಮನೆಗೆ, ಇಲವಾಲದ ಬಸ್ಸು ಹತ್ತಿದಳು. ಡಬ್ಬಗಳ ವಿಷಯ ಬಂದಾಗ ಮಾತ್ರ ಒಂದೇ ಮಾತು ಹೇಳಿದ್ದಳು: "ಮನೆಗೆ ಸೈನ್ ಹಾಕಿದೀನಿ. ಇದಕ್ಕೆ ಹಾಕಲ್ಲ."

ಹಾಗಾಗಿ ನಾಣ್ಯಗಳನ್ನು ಮೂವರಿಗೂ ಸಮ ಹಂಚಬೇಕಿತ್ತು. ಹಂಚಬೇಕಾದರೆ ಬೆಲೆ ಗೊತ್ತಾಗಬೇಕು. ಅಣ್ಣ ಯಾದವಗಿರಿಯ ಒಬ್ಬ ನಾಣ್ಯ ವ್ಯಾಪಾರಿಯನ್ನು ಹುಡುಕಿದ. ಮನೆಯ ಮುಂಗೋಣೆಯಲ್ಲೇ ವ್ಯಾಪಾರ. ಮೇಜಿನ ಮೇಲೆ ಮಖಮಲ್ ಬಟ್ಟೆ, ದೀಪ, ಭೂತಗನ್ನಡಿ. ಮೂವರೂ ಎದುರಿಗೆ ಸಾಲಾಗಿ ಕೂತೆವು. ನಾನು ಕೂರಲಾಗದೆ ಎದ್ದು ಕಿಟಕಿಯ ಹತ್ತಿರ ಹೋದೆ, ಮತ್ತೆ ಬಂದೆ.

ಆತ ಒಂದೊಂದೇ ಕಾಸನ್ನು ಅಂಚಿನಲ್ಲಿ ಹಿಡಿದು ನೋಡಿ ಎರಡು ಗುಡ್ಡೆ ಮಾಡಿದ. ಒಂದು ಕಪ್ಪಗಿತ್ತು. ಇನ್ನೊಂದು ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅಣ್ಣ ಹೊಳೆಯುವ ಗುಡ್ಡೆಯನ್ನು ತೋರಿಸಿ, "ಇವೇ ಅಲ್ವಾ ಒಳ್ಳೇವು?" ಎಂದ.

"ಅಯ್ಯೋ ಇಲ್ಲ ಸಾರ್. ಇವನ್ನ ಬೆಳಗಿಬುಟ್ಟವ್ರೆ."

"ಅಂದ್ರೆ?"

"ಪಾತ್ರೆ ಬೆಳಗ್ತಾರಲ್ಲ, ಹಂಗೇ. ಹುಣಸೆಹಣ್ಣೋ ಏನೋ ಹಾಕಿ ಚೆನ್ನಾಗಿ ಉಜ್ಜಿದಾರೆ. ಇವಕ್ಕೆ ತಾಮ್ರದ ಬೆಲೆಗಿಂತ ಒಂಚೂರು ಜಾಸ್ತಿ ಕೊಡಬಹುದು, ಅಷ್ಟೆ. ಅದೂ ನಿಮ್ಮ ಮುಖ ನೋಡಿ."

ನಾವು ದೀಪವನ್ನು ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ಎರಡಕ್ಕೂ ಒಂದೇ ಮಾತು, ಎರಡೂ ಒಳ್ಳೆಯ ಕೆಲಸವೇ. ಆ ಮಾತು ಬೈಗುಳವಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಲೆ ಇಳಿಸುವ ಉಪಾಯ ಇದು ಎಂದುಕೊಂಡು ಜಗಳಕ್ಕೇ ನಿಂತೆ. ಹೊಳಪು ಬಂದರೆ ಬೆಲೆ ಹೋಗುತ್ತದೆ ಎಂದರೆ ಯಾವ ನ್ಯಾಯ ಎಂದೆ. ತಾಮ್ರದ ಮೇಲೆ ಕಾಲ ಕಟ್ಟಿದ ಕಪ್ಪು ಪದರವೇ ಅದರ ಹಳತನಕ್ಕೆ ಸಾಕ್ಷಿ, ಅದು ಹೋದರೆ ಅಕ್ಷರದ ಅಂಚೂ ಸವೆಯುತ್ತದೆ ಎಂದ. ಅಲ್ಲೇ ಎರಡೂ ಗುಡ್ಡೆಯಿಂದ ಒಂದೊಂದು ಹಿಡಿ ಜೇಬಿಗೆ ಹಾಕಿಕೊಂಡು, ಆಮೇಲೆ ನಾನೊಬ್ಬನೇ ಇನ್ನಿಬ್ಬರಿಗೆ ತೋರಿಸಿದೆ. ಒಬ್ಬ ಇವನಿಗಿಂತ ಕಡಿಮೆ ಹೇಳಿದ. ಇನ್ನೊಬ್ಬ ಕಪ್ಪು, ಕೆಂಪು ಯಾವುದನ್ನೂ ನೋಡದೆ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಸುರಿದ. ಬೆಲೆ ಎನ್ನುವುದು ಎಲ್ಲೋ ವಸ್ತುವಿನೊಳಗೆ ಇರುತ್ತದೆ ಎಂದು ನಂಬುವವರು ಒಂದು ವಾರ ನಾಣ್ಯ ಮಾರಲು ಓಡಾಡಬೇಕು.

ಆದರೆ ನಮ್ಮ ನಮ್ಮಲ್ಲಿ ಜಗಳ ಶುರುವಾದದ್ದು ಯಾದವಗಿರಿಯ ವ್ಯಾಪಾರಿಯ ಮನೆಯಲ್ಲಲ್ಲ. ಅಲ್ಲಿಂದ ಬಂದು ಅಣ್ಣನ ಮನೆಯ ಹಜಾರದಲ್ಲಿ ಡಬ್ಬಗಳನ್ನು ಕೆಳಗಿಟ್ಟ ಮೇಲೆ. ಅಣ್ಣ ಆಗಲೇ ಲೆಕ್ಕ ಹಾಕಿಬಿಟ್ಟಿದ್ದ.

"ಕರೀವು ನಾವಿಬ್ರೂ ತಗೊಳೋದು. ಬೆಳ್ಳಿ, ಚಿನ್ನ ನಾವಿಬ್ರೂ. ಬೆಳಗಿರೋವು ಅವಳಿಗೆ. ಸರಿ ಹೋಯ್ತಲ್ಲ?"

"ಎಂಗೆ ಸರಿ ಹೋಯ್ತು?" ಎಂದಳು ಅಕ್ಕ.

"ಹಾಳು ಮಾಡಿದವರು ಹಾಳಾದದ್ದನ್ನ ತಗೋಬೇಕು ಕಣಮ್ಮ. ನಾನೇನು ಬಾಯಿಗೆ ಬಂದಂಗೆ ಹೇಳ್ತಿಲ್ಲ. ಇವನು ಕಣ್ಣಾರೆ ನೋಡಿದಾನೆ. ಏನೋ, ಹೇಳೋ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹಿತ್ತಲಿನ ಪ್ರಸಂಗವನ್ನು ನಾನು ಹಬ್ಬ ಹುಣ್ಣಿಮೆಗಳಲ್ಲಿ ತಮಾಷೆಗೆ ಹೇಳುತ್ತಿದ್ದೆ. ಅಪ್ಪನ ಕೂಗಾಟವನ್ನು ಅಣಕಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಊಟದ ಎಲೆಯ ಮುಂದೆ ಹೇಳಿದ ಮಾತನ್ನು ಈ ಮನುಷ್ಯ ಸಾಕ್ಷಿಯೆಂದು ಎತ್ತಿಟ್ಟುಕೊಂಡಿದ್ದ.

"ನಾನು ಮುಟ್ಟೇ ಇಲ್ಲ," ಎಂದಳು ಅಕ್ಕ.

"ಅಂಗಾದ್ರೆ ಅವನು ಹೇಳುವಾಗೆಲ್ಲ ನೀನ್ಯಾಕೆ ನಗ್ತಿದ್ದೆ?"

"ನಗದೆ ಇನ್ನೇನು ಮಾಡ್ಲಿ? ನೀವಿಬ್ರೂ ಸೇರ್ಕೊಂಡು ಹೇಳ್ತಿದ್ರೆ ಹಬ್ಬದ ದಿನ ಎದ್ದೋಗ್ಲಾ?" ನನ್ನ ಕಡೆ ತಿರುಗಿದಳು. "ನಿನ್ನ ರಿಸಲ್ಟ್ ಬಂದ ವರ್ಷ, ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳಗಿದ್ದು ಅಂತ ತಾನೆ ನೀನು ಹೇಳೋದು?"

"ಹೌದು."

"ಹೌದು, ಅದೇ ವರ್ಷ," ಎಂದ ಅಣ್ಣನೂ.

"ಆ ವರ್ಷ ನಾನು ಬಾಣಂತಿ ಕಣ್ರೋ! ಹಬ್ಬ ಬಂದಾಗ ನನಗಿನ್ನೂ ಪುರುಡು. ಮೂಲೆ ಕೋಣೆ ಬಿಟ್ಟು ಆಚೆ ಬರಂಗಿರಲಿಲ್ಲ. ದೇವರ ಮುಂದೆ ಇಡೋ ಸಾಮಾನು ಮುಟ್ಟೋಕೆ ಅಮ್ಮ ಬಿಡ್ತಿದ್ಳೇನೋ?"

ಅಣ್ಣ ನಕ್ಕ. "ಪುರುಡಿದ್ರೆ ಮನೇಲಿ ಹಬ್ಬವೇ ಇರಲ್ಲ."

"ಹೆಣ್ಣು ಕೊಟ್ಟ ಮನೆಯವರಿಗೆ ಮೂರೇ ದಿನ. ಹೆತ್ತವಳಿಗೆ ಹತ್ತು. ಅಷ್ಟೂ ಗೊತ್ತಿಲ್ವಾ? ಅಮ್ಮ ಹಬ್ಬ ಮಾಡಿದ್ಲು. ನಾನು ಬಾಗಿಲ ಸಂದೀಲಿ ಆರತಿ ನೋಡಿದೆ."

"ನಿನ್ನ ಮಗ ಹುಟ್ಟಿದ್ದು ಗೌರಿಹಬ್ಬದ ಹತ್ತಿರ. ವರಮಹಾಲಕ್ಷ್ಮಿ ಹೊತ್ತಿಗೆ ದಿನ ತುಂಬಿತ್ತು, ಚೆನ್ನಾಗಿ ಓಡಾಡ್ಕೊಂಡೇ ಇದ್ದೆ. ನನಗೆ ಜ್ಞಾಪಕ ಇದೆ."

"ನನ್ನ ಮಗ ಹುಟ್ಟಿದ್ದು ನಿನಗೆ ಜ್ಞಾಪಕ ಇದೆ, ನನಗಿಲ್ಲ! ಭೇಷ್!"

ನಾನು ಹಜಾರದಲ್ಲಿ ಶತಪಥ ಹಾಕುತ್ತಿದ್ದೆ. ಹುಟ್ಟು ಸಾವುಗಳ ಮೈಲಿಗೆಯನ್ನು ನಾನು ನಂಬುವವನಲ್ಲ. ನಿಯಮ ಇತ್ತು ಎಂದ ಮಾತ್ರಕ್ಕೆ ಪಾಲಿಸಿದರು ಎಂದಾಗುವುದಿಲ್ಲ ಎನ್ನುವುದೂ ಗೊತ್ತು. ಆದರೆ ಅಮ್ಮನೂ ಗೊತ್ತು. ಪುರುಡಿನ ಬಾಣಂತಿಯ ಕೈಗೆ ಕಲಶದ ಕಾಸು ಕೊಡುವುದಿರಲಿ, ಅವಳ ನೆರಳೂ ಆ ತಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳುವ ಹೆಂಗಸು. ಜೊತೆಗೆ ಇನ್ನೊಂದು ಹೊಳೆಯಿತು. ಆ ಕಲ್ಲಿನ ಮುಂದೆ ಕೂತವರ ಬೆನ್ನು ಮಾತ್ರ ಹಿಂಬಾಗಿಲಿಗೆ ಕಾಣುತ್ತಿತ್ತು. ನನ್ನ ನೆನಪಿನಲ್ಲಿ ಅಕ್ಕನ ಮುಖ ಕಾಣುತ್ತದೆ. ಅಷ್ಟೇ ಅಲ್ಲ, ಹಣೆಯ ಬೆವರೂ ಕಾಣುತ್ತದೆ. ಆ ಮುಖ ತಂದು ಅಲ್ಲಿಟ್ಟವನು ಯಾರು?

"ನಾನು ಸಾಕ್ಷಿ ಹೇಳಲ್ಲ," ಎಂದೆ.

"ಅಂದ್ರೆ ಇಷ್ಟು ವರ್ಷ ಹೇಳಿದ್ದು?"

"ಕಥೆ."

"ಲೋ, ಒಂದು ಮಾತಿನ ಮೇಲೆ ನಿಲ್ಲೋದು ಕಲಿ. ಯೂನಿವರ್ಸಿಟಿಗೆ ಹೋಗಿ ಓದಿ ಓದಿ ಕಣ್ಣಿಂದ ನೋಡಿದ್ದೂ ಡೌಟು ನಿನಗೆ. ನಾಳೆ ನಾನು ನಿನ್ನಣ್ಣ ಅನ್ನೋದೂ ಡೌಟು ಅಂತೀಯ."

"ಅದು ಈಗಲೇ ಡೌಟು," ಎಂದೆ.

ಅಕ್ಕ ನಗಲಿಲ್ಲ. ಕೆಂಪು ಕಾಸುಗಳ ಡಬ್ಬವನ್ನು ಕಾಲಿನಿಂದ ಅಣ್ಣನ ಕಡೆ ತಳ್ಳಿದಳು. ನಾಣ್ಯವನ್ನು ಕಾಲಿನಲ್ಲಿ ತಳ್ಳಿದ್ದಕ್ಕೆ ಅಣ್ಣ ಮುಟ್ಟಿ ಕಣ್ಣಿಗೊತ್ತಿಕೊಂಡ. ತಂಗಿಯ ಪಾಲನ್ನು ನುಂಗುವಾಗ ಇಲ್ಲದ ಭಯಭಕ್ತಿ!

ನಾನು ನನ್ನ ತೀರ್ಮಾನ ಹೇಳಿದೆ: ಚಿನ್ನ, ಬೆಳ್ಳಿ, ಕಪ್ಪು, ಕೆಂಪು, ಪ್ರತಿಯೊಂದನ್ನೂ ಮೂರು ಭಾಗ ಮಾಡೋಣ. ಅವರವರ ಭಾಗವನ್ನು ಅವರವರು ಎಲ್ಲಿ ಬೇಕಾದರೂ ಮಾರಲಿ, ಇಟ್ಟುಕೊಳ್ಳಲಿ. ಅಣ್ಣ ಒಪ್ಪಲಿಲ್ಲ. "ಹಬ್ಬಕ್ಕೆ ಮುಂಚೆ ಮಗು ಹುಟ್ಟಿತ್ತು ಅಂತ ತೋರಿಸು, ಆಗ ಒಪ್ಕೋತೀನಿ. ಬರೀ ಮಾತು ಬೇಡ. ನೀನೇ ಹೇಳ್ತೀಯಲ್ಲ, ಪುರಾವೆ ಪುರಾವೆ ಅಂತ," ಎಂದು ಮೂರೂ ಡಬ್ಬಗಳನ್ನು ತನ್ನ ಬೀರುವಿನೊಳಗಿಟ್ಟು ಬೀಗ ಹಾಕಿದ.

ಅಕ್ಕನನ್ನು ಹುಣಸೂರು ರಸ್ತೆಯ ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ಬಂದಾಗ, "ನನಗೆ ಕಾಸು ಮುಖ್ಯ ಅಲ್ಲ ಅಂತ ಮಾತ್ರ ಯಾರಿಗೂ ಹೇಳ್ಬೇಡ. ಮುಖ್ಯವೇ," ಎಂದಳು. "ಅಪ್ಪಂದು ಅಂತ ನನಗೆ ಇರೋದು ಅದೊಂದೇ."

ಆ ಇಡೀ ವಾರ ನನ್ನೊಳಗೆ ಕುದಿಯುತ್ತಿದ್ದುದು ಅಣ್ಣನ ಮೇಲಿನ ಸಿಟ್ಟು ಮಾತ್ರವಲ್ಲ. ಅಕ್ಕ ಅಲ್ಲದಿದ್ದರೆ ಕಲ್ಲಿನ ಮುಂದೆ ಕೂತಿದ್ದವರು ಯಾರು? ಮನೆಯಲ್ಲಿದ್ದ ಇನ್ನೊಂದು ಜೊತೆ ಬಳೆ ಅಮ್ಮನದು. ಮಸಿ ಬಳಿದ ಹಾಗಿರುವುದನ್ನು ದೇವರ ಮುಂದೆ ಇಡುವುದು ಹೇಗೆ ಎಂದು ಅವಳು ಕೇಳುತ್ತಿದ್ದಳು ಕೂಡ. ನಾನು ಆ ಕಥೆ ಹೇಳುತ್ತಿದ್ದಾಗ ಅಮ್ಮ ಇನ್ನೂ ಇದ್ದಳು, ಬಡಿಸುತ್ತಿದ್ದಳು. ಅವಳು ಅಲ್ಲ ಎನ್ನಲಿಲ್ಲ. ಹೌದೆಂದಳೇ? ನೆನಪಿಲ್ಲ. ಸುಮ್ಮನೆ ಸಾರು ಬಡಿಸಿಕೊಂಡು ಮುಂದೆ ಹೋದಳೇ? ಅದೂ ನೆನಪಿಲ್ಲ, ಬೇಕೆಂದರೆ ಈಗ ನೆನಪು ಮಾಡಿಕೊಳ್ಳಬಲ್ಲೆ, ಅದೇ ನನ್ನ ಕಷ್ಟ. ಫೋನಿನಲ್ಲಿ ಅಣ್ಣನಿಗೆ ಈ ಮಾತು ಹೇಳಿದಾಗ ಅವನ ದನಿ ತಕ್ಷಣ ಮೆತ್ತಗಾಯಿತು. "ಅಮ್ಮ ಆಗಿದ್ರೆ ಬುಡು. ಅವಳಿಗೇನು ಗೊತ್ತು ಪಾಪ. ಭಕ್ತಿಗೆ ಮಾಡಿದಾಳೆ," ಎಂದ. ಅದೇ ಹುಣಸೆಹಣ್ಣು, ಅದೇ ಕಾಸು. ಅಮ್ಮ ಮಾಡಿದರೆ ಭಕ್ತಿ, ಅಕ್ಕ ಮಾಡಿದರೆ ಪಾಲು ಕಡಿತ. ಡಬ್ಬವನ್ನು ತಮ್ಮ ಕೈಯಾರೆ ಕೊಟ್ಟು, ಬೆಳಗಿದ ಮೇಲೆ ಬಂದು ಕೂಗಾಡಿದ ಅಪ್ಪನ ತಪ್ಪಂತೂ ಯಾರ ಲೆಕ್ಕದಲ್ಲೂ ಬರಲಿಲ್ಲ.

"ಬುಡು ಅಂದ ಮೇಲೆ ಸಮ ಹಂಚು," ಎಂದೆ.

"ಪುರಾವೆ," ಎಂದು ಫೋನ್ ಇಟ್ಟ.

ಆ ಹಿತ್ತಲಿನಲ್ಲಿ ಏನು ನಡೆಯಿತು ಎನ್ನುವುದನ್ನು ನಾನು ಸಾಬೀತುಪಡಿಸಲಾರೆ. ಯಾರ ಬೆನ್ನು, ಯಾರ ಬಳೆ, ಅಪ್ಪ ಕೂಗಿದ್ದು ಕಾಸಿಗೋ ಬೇರೆ ಯಾತಕ್ಕೋ, ಎಲ್ಲ ಹೋಯಿತು. ಕೈಗೆ ಸಿಗುವಂಥದ್ದು ಒಂದೇ ಇತ್ತು, ಅದನ್ನು ಹಿಡಿದುಕೊಂಡೆ. ಸೋದರಳಿಯನಿಂದ ಅವನ ಜನನ ಪ್ರಮಾಣಪತ್ರದ ಫೋಟೋ ತರಿಸಿಕೊಂಡೆ. ಹಳೆಯ ಪಂಚಾಂಗಗಳನ್ನು ಬಿಸಾಡದ ಪರಿಚಯದವರೊಬ್ಬರ ಮನೆಗೆ ಹೋಗಿ ಆ ವರ್ಷದ್ದನ್ನು ತೆಗೆಸಿದೆ. ನನ್ನ ಕಣ್ಣನ್ನು ನಾನೇ ನಂಬದೆ ಅವರಿಂದಲೂ ಓದಿಸಿದೆ. ಎರಡರ ಫೋಟೋವನ್ನೂ ಅಣ್ಣನಿಗೆ ಕಳಿಸಿ, ಶನಿವಾರ ಅಕ್ಕನನ್ನು ಕರೆದುಕೊಂಡು ಬರುತ್ತೇನೆ, ಬೀರುವಿನ ಬೀಗ ತೆಗೆದಿರು ಎಂದು ಬರೆದೆ. ನನ್ನ ಫಲಿತಾಂಶ ಬಂದ ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಬಿದ್ದದ್ದು ಅಕ್ಕನ ಮಗ ಹುಟ್ಟಿದ ನಾಲ್ಕನೇ ದಿನಕ್ಕೆ.