ಉಚ್ಚೆಂಗಪ್ಪನ ಊದುಬತ್ತಿ

ಹರಿಹರದ ಮೆಕ್ಯಾನಿಕ್ ಉಚ್ಚೆಂಗಪ್ಪನ ಬಗ್ಗೆ ಬರೆಯಲು ನನಗಿಂತ ಕೆಟ್ಟ ಮನುಷ್ಯ ಸಿಗಲಾರ. ಇಪ್ಪತ್ತಾರು ವರ್ಷದಿಂದ ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೆಂಡತಿ ಸುಮಾಗೂ ಗೊತ್ತು. ಮನೆಯಲ್ಲಿ ಅವನ ಹೆಸರು ಬಂದ ದಿನ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನಾನು ಕೂಗಾಡುತ್ತೇನಂತೆ.

ಇಬ್ಬರೂ ಹರಿಹರದ ಜುಬೇರ್ ಉಸ್ತಾದರ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ನಾನು ಹದಡಿಯಿಂದ, ಅವನು ಭಾನುವಳ್ಳಿಯಿಂದ ಬಸ್ಸಿಗೆ ಬರುತ್ತಿದ್ದೆವು. ನನಗೆ ಒಂದು ಸಲ ಹೇಳಿದರೆ ಸಾಕಿತ್ತು, ಅವನಿಗೆ ಮೂರು ಸಲ ಹೇಳಬೇಕಿತ್ತು. ಆದರೂ ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ ಉಸ್ತಾದರು, ಸದ್ದು ಕೇಳಲು ತಾವು ಎಂಜಿನ್ನಿಗೆ ಆನಿಸಿ ಕಿವಿಗಿಟ್ಟುಕೊಳ್ಳುತ್ತಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟರು. ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ದಾವಣಗೆರೆಗೆ ಬಂದೆ. ಅಲ್ಲಿನ ಆನೆಕೊಂಡದಲ್ಲಿ ಸ್ವಂತ ಶೆಡ್ ಹಾಕಿ, ಆಮೇಲೆ ಸ್ಕ್ಯಾನರ್ ಕೊಂಡೆ. ಗಾಡಿಗೆ ಚುಚ್ಚಿದರೆ ಸಾಕು, ರೋಗ ಏನೆಂದು ಪರದೆಯ ಮೇಲೆ ಬರುತ್ತದೆ. ಸ್ಕ್ರೂಡ್ರೈವರ್ ಯಾರಿಗೆ ಬೇಕು ಎಂದುಕೊಂಡೆ. ಬೇಕಿತ್ತು.

ನನ್ನ ಹೆಮ್ಮೆ ಎಂದರೆ ಬಟ್ಟೆ ಅಂಗಡಿಯ ಶಿವಯೋಗಪ್ಪ ಸಾಹುಕಾರರ ಡೀಸೆಲ್ ಕಾರು. ಹದಿನಾಲ್ಕು ವರ್ಷದ ಗಾಡಿ, ಕೊಂಡಂದಿನಿಂದ ನನ್ನ ಕೈಯಲ್ಲೇ ಇದೆ. ಆಯುಧಪೂಜೆಯ ದಿನ ಬೆಳಿಗ್ಗೆ ಅದು ಮೊದಲು ನನ್ನ ಶೆಡ್ಡಿಗೇ ಬರುತ್ತದೆ. ನಾನೇ ಬಾನೆಟ್ ಎತ್ತಿ, ವಿಭೂತಿ ಹಚ್ಚಿ, ದೃಷ್ಟಿಯಾಗದಿರಲೆಂದು ಒಳಗೊಂದು ಕಪ್ಪು ದಾರ ಕಟ್ಟಿ, ಬೀದಿಯಲ್ಲಿ ಕುಂಬಳಕಾಯಿ ಒಡೆಯುತ್ತೇನೆ. ನೋಡಲು ಜನ ನಿಲ್ಲುತ್ತಾರೆ. ಆ ಒಂದು ಬೆಳಗಿನ ಮರ್ಯಾದೆಯಲ್ಲಿ ನಾನು ವರ್ಷವಿಡೀ ಬದುಕುತ್ತೇನೆ.

ಈ ಸಲ ಗಣಪತಿ ಹಬ್ಬ ಮುಗಿದ ವಾರ ಆ ಕಾರಿನ ಮೀಟರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡ ಕಡಿಮೆ ಎಂದು ಸ್ಕ್ಯಾನರ್ ಹೇಳಿತು. ಸೆನ್ಸಾರ್ ಬದಲಿಸಿ ದೀಪ ಅಳಿಸಿದೆ. ಎರಡು ದಿನಕ್ಕೆ ಮತ್ತೆ ಹತ್ತಿತು. ವಾಲ್ವ್ ಬಿಚ್ಚಿ, ಒಳಗೆ ಕಟ್ಟಿದ್ದ ಮಸಿ ಕೆರೆದೆ. ಮತ್ತೆ ಹತ್ತಿತು. ಪೈಪುಗಳನ್ನೆಲ್ಲ ತಡವಿದೆ, ವೈರು ತಡವಿದೆ, ಕೊನೆಗೆ ಸ್ಕ್ಯಾನರನ್ನೇ ಬೈದೆ. ನಾಲ್ಕನೇ ಸಲ ಗಾಡಿ ತಂದಾಗ ಸಾಹುಕಾರರು ಇಳಿಯಲೇ ಇಲ್ಲ.

"ನಿಂಗರಾಜ, ಹರಿಹರದಾಗೆ ಉಚ್ಚೆಂಗಪ್ಪ ಅಂತ ಒಬ್ಬ ಅದಾನಂತಲ್ಲ. ಒಂದ್ಸಲ ತೋರ್ಸಣ ನಡಿ. ನೀನೂ ಬಾ."

ಆಯುಧಪೂಜೆಗೆ ಇನ್ನು ಹತ್ತೇ ದಿನ. ರಿಪೇರಿ ಹರಿಹರಕ್ಕೆ ಹೋದರೆ ಪೂಜೆಯೂ ಅದರ ಹಿಂದೆಯೇ ಹೋಗುತ್ತದೆ. ಆದರೂ ಹತ್ತಿ ಕುಳಿತೆ. ಅವನೂ ಸೋಲುವುದನ್ನು ಕಣ್ಣಾರೆ ನೋಡಬೇಕಿತ್ತು.

"ಬರ್ರಿ ಸಾಹುಕಾರ್ರೆ, ಕೂಡ್ರಿ," ಎಂದು ಉಚ್ಚೆಂಗಪ್ಪ ಬೆಂಚು ಒರೆಸಿದ. ನನ್ನನ್ನು ನೋಡಿ, "ಏನ್ ನಿಂಗ, ಭಾಳ ಇಳಿದೀಯಲ್ಲೋ," ಎಂದ. ಆ ಕಕ್ಕುಲಾತಿ ಕಂಡು ಇನ್ನಷ್ಟು ಉರಿಯಿತು.

ಅವನು ಬಾನೆಟ್ ಎತ್ತಲಿಲ್ಲ. ಸಾಹುಕಾರರನ್ನು ಕೇಳಿದ: "ದೀಪ ಯಾವಾಗ ಹತ್ತತೈತ್ರಿ?"

"ಏರಿನಾಗೆ. ಅದೂ ಮನೆಮಂದಿ ಎಲ್ಲ ಕುಂತಿದ್ರೆ."

ಮೂರು ಸಲ ಗಾಡಿ ಬಿಚ್ಚಿದ ನಾನು ಆ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲ.

ನಮ್ಮಿಬ್ಬರನ್ನೂ ಕೂರಿಸಿಕೊಂಡು, ಎಸಿ ಆರಿಸಿ, ಗಾಜು ಇಳಿಸಿ, ಹೊಳೆಯ ಸೇತುವೆಯವರೆಗೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಓಡಿಸಿ ಬಂದ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಗೋಡೆಯ ದೇವರ ಪಟದ ಮುಂದಿನ ಊದುಬತ್ತಿ ಕಿತ್ತು ತಂದ. ಹೊಗೆ ಚದುರದಿರಲೆಂದು ಎಂಜಿನ್ ಫ್ಯಾನ್ ನಿಂತ ಹೊತ್ತು ನೋಡಿ ಅದನ್ನು ಗಾಳಿ ಹೀರುವ ಸಣ್ಣ ರಬ್ಬರ್ ಪೈಪುಗಳ ಉದ್ದಕ್ಕೂ ಮೆಲ್ಲಗೆ ಸರಿಸತೊಡಗಿದ.

"ಪೂಜೆ ಮಾಡಾಕ ನಂಗೂ ಬರ್ತೈತೆ ಬಿಡೋ," ಎಂದು ಕುಟುಕಿದೆ. ಅವನ ಕಣ್ಣು ಹೊಗೆಯ ಮೇಲೇ ಇತ್ತು.

ಹೊಗೆ ನೆಟ್ಟಗೆ ಏಳುತ್ತಿತ್ತು. ಟರ್ಬೊಗೆ ಹೋಗುವ ಪೈಪಿನ ನಡುವೆ ಬಂದಾಗ ಅದು ಬಾಗಿ, ಒಳಗೆ ಯಾರೋ ಕುಳಿತು ಬೀಡಿ ಎಳೆದಂತೆ ಒಳಕ್ಕೆ ಹೋಯಿತು. ಹೋದದ್ದು ನಾನು ಕಟ್ಟಿದ ಕಪ್ಪು ದಾರದ ಗಂಟಿನೊಳಕ್ಕೆ.

ಕಟ್ಟಿದ ದಾರ ತಾನಾಗಿ ಉದುರಬೇಕು, ಬಿಚ್ಚಬಾರದು ಎನ್ನುವುದು ನಮ್ಮಲ್ಲಿಯ ರೂಢಿ. ಹಾಗಾಗಿ ಪ್ರತಿ ವರ್ಷ ಹಳೆಯದರ ಮೇಲೇ ಹೊಸದನ್ನು ಬಿಗಿದಿದ್ದೆ. ಬಿಸಿಗೆ ಮೆತ್ತಗಾದ ರಬ್ಬರನ್ನು ದಾರ ಕಚ್ಚಿ ಕಚ್ಚಿ ಸೀಳಿತ್ತು. ಪೈಪು ತಡವುವಾಗಲೂ ಆ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗಿದ್ದೆ. ಕಂಡವರ ಹೊಟ್ಟೆಕಿಚ್ಚು ತಟ್ಟದಿರಲೆಂದು ಕಟ್ಟಿದ ದಾರ ಅದು.

ಉಚ್ಚೆಂಗಪ್ಪ ನನ್ನ ಮುಖ ನೋಡಿದ. ಸಾಹುಕಾರರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಇವನು ಎಂಜಿನ್ ಆರಿಸಿ, ಪೈಪು ತೆಗೆದು, ದಾರದ ಮುದ್ದೆಯನ್ನು ಕತ್ತರಿಸಿ, ನನ್ನ ಅಂಗಿಯ ಜೇಬಿಗೆ ತುರುಕಿದ. ಆಮೇಲೆ ಗಟ್ಟಿಯಾಗಿ ಹೇಳಿದ: "ಹಳೇ ಪೈಪ್ರಿ, ಬಿಸಿಗೆ ಸೀಳೈತೆ. ಯಾರ ಕಣ್ಣಿಗೂ ಬೀಳಂಗಿಲ್ಲ ಇದು. ಗಾಡಿ ನಿಂಗನ ಹತ್ರನೇ ಇರ್ಲಿ, ಅವನ ಕೈಗೆ ಪಳಗೈತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಕ್ಕಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಹೊಸ ಪೈಪು ಹಾಕಿಸಿಕೊಂಡು ವಾಪಸ್ ಬರುವಾಗ ದೀಪ ಹತ್ತಲಿಲ್ಲ. ಜೇಬಿನಲ್ಲಿ ದಾರ ಕೆಂಡದ ಹಾಗೆ ಕೂತಿತ್ತು. ಕೆಲಸದಲ್ಲಿ ಗೆದ್ದ, ಆಯಿತು. ದೊಡ್ಡತನದಲ್ಲೂ ಅವನೇ ಗೆಲ್ಲಬೇಕೇ? ನಾನು ನಿಜ ಹೇಳಿದ್ದು ಪ್ರಾಮಾಣಿಕನೆಂದಲ್ಲ. ಅವನು ಹಾಕಿದ ಭಿಕ್ಷೆಯಲ್ಲಿ ನನ್ನ ಗಿರಾಕಿಯನ್ನು ಉಳಿಸಿಕೊಳ್ಳಲಾರದೆ ಹೇಳಿದೆ. ದಾರ ತೆಗೆದು ಸಾಹುಕಾರರ ಮುಂದಿಟ್ಟು, "ನಂದೇ ತಪ್ರಿ. ಪೈಪ್ ಸೀಳಿದ್ದು ಈ ದಾರ. ಅವನು ಮುಚ್ಚಿಟ್ಟ," ಎಂದೆ.

ಅವರು ದಾರವನ್ನೊಮ್ಮೆ ನೋಡಿ ಗಾಡಿ ಓಡಿಸಿದರು. ನನ್ನ ಶೆಡ್ ಮುಂದೆ ಗಾಡಿ ನಿಲ್ಲಿಸಿ ಹೇಳಿದರು: "ರಿಪೇರಿ ನಿನ್ನ ಹತ್ರನೇ ಇರ್ಲಿ. ಬಾಯಿಬಿಟ್ಟು ಹೇಳಿದಿ, ಅಷ್ಟು ಸಾಕು." ನನಗೆ ಹೋದ ಜೀವ ಬಂದಂತಾಯಿತು. "ಪೂಜೆ ಮಾತ್ರ ಈ ಸಲ ಹರಿಹರದಾಗೆ ಮಾಡಿಸ್ತೀನಿ. ತನ್ನ ಹೆಸರು ಬಿಟ್ಟು ನಿನ್ನ ಹೆಸರು ಉಳಿಸಿದ ನೋಡು. ಅಂಥವನ ಕೈ ಮುಟ್ಟಿದ್ರೆ ಸಾಕು, ದಾರ ಬ್ಯಾಡ."

ಆಯುಧಪೂಜೆಯ ದಿನ ಬೆಳಿಗ್ಗೆ ಕಾರು ಎಂದಿನಂತೆ ಮೊದಲು ನನ್ನ ಶೆಡ್ಡಿಗೇ ಬಂತು. ಹರಿಹರಕ್ಕೆ ಹೋಗುವ ಮುಂಚೆ ಗಾಳಿ, ನೀರು, ಆಯಿಲ್ ನೋಡಬೇಕಿತ್ತು. ನೋಡಿದೆ. ಯಾರೂ ಹೇಳದಿದ್ದರೂ ಒಳಗೆಲ್ಲ ಒರೆಸಿ, ಗಾಜು ಉಜ್ಜಿ, ಎಂಜಿನ್ನಿನ ಮೇಲಿನ ಹಳೆಯ ವಿಭೂತಿ ತೊಳೆದೆ. ಅವನು ಬಾನೆಟ್ ಎತ್ತಿದಾಗ ನನ್ನ ಕೆಲಸದಲ್ಲಿ ಒಂದು ಹುಳುಕೂ ಸಿಗಬಾರದು.

ಎದುರಿನ ಹೂವಿನಂಗಡಿಯ ಕೊಟ್ರವ್ವ ಕಟ್ಟೆಯ ಮೇಲೆ ಬಂದು ನಿಂತಿದ್ದಳು.

"ನಿಂಗರಾಜಣ್ಣ, ಕುಂಬಳಕಾಯಿ ಎಷ್ಟೊತ್ತಿಗೆ ಒಡೀತಿ?"

"ಹರಿಹರದಾಗೆ ಒಡೀತಾರ ಬೇ," ಎಂದು ಬಾನೆಟ್ ಮುಚ್ಚಿದೆ.