ಮುಖ ಮುಚ್ಚಿಕೊಂಡವರನ್ನು ನಂಬದ ಮಾಸ್ತರರು

ಅಕ್ಷತಾ, ಸಿದ್ದು, ಆ ಮಾಸ್ತರರ ಕೊರಳ ಸುತ್ತ ಒಂದು ಬಿಳಿ ಗೆರೆ ಇತ್ತು. ವರ್ಷಾನುಗಟ್ಟಲೆ ಬಿಸಿಲಲ್ಲಿ ನಿಂತು ಕರ್ರಗಾದ ಕೊರಳಿನಲ್ಲಿ ಸೀಟಿಯ ದಾರ ಕೂತ ಜಾಗವಷ್ಟೇ ಬೆಳ್ಳಗೆ ಉಳಿದಿತ್ತು. ನಿಮ್ಮ ಅಜ್ಜ ತೀರಿಕೊಂಡು ತಾಳಿ ತೆಗೆದ ಮೇಲೆ ನನ್ನ ಕೊರಳಲ್ಲೂ ಅಂಥದೇ ಗೆರೆ ಕಂಡಿತು. ಕನ್ನಡಿಯಲ್ಲಿ ಅದನ್ನು ನೋಡಿದ ದಿನ ನನಗೆ ಮಾಸ್ತರರ ನೆನಪಾಯಿತು. ಅಂಥ ಹೊತ್ತಿನಲ್ಲಿ ಅವರ ನೆನಪಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹೋದ ಐತವಾರ ಅಂಗಳದಲ್ಲಿ ನೀವಿಬ್ಬರೂ ಫುಟ್‌ಬಾಲ್ ಆಡುತ್ತಿದ್ದಿರಿ. ಸಿದ್ದು, ನೀನು ಮೊಬೈಲಿನಲ್ಲಿ ನೋಡಿದ ಆಟಗಾರನಂತೆ ಬಿದ್ದು, ಕಾಲು ಹಿಡಿದುಕೊಂಡು ಮೂರು ಸಲ ಉರುಳಿದೆ. ಅಕ್ಷತಾ ಬಾಯಲ್ಲೇ ಸೀಟಿ ಊದಿ, ರೆಫ್ರಿ ತೋರಿಸುವ ಹಳದಿ ಕಾರ್ಡಿನ ಹಾಗೆ ಲಗ್ನಪತ್ರಿಕೆಯ ಹಳದಿ ಲಕೋಟೆಯನ್ನು ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು. ನಿಮ್ಮಪ್ಪ ಮಾತ್ರ ಎದ್ದು ಒಳಗೆ ಹೋದ. "ಆಯಿ, ಅಪ್ಪ ಯಾಕ ಎದ್ದು ಹೋದಾ?" ಎಂದು ನೀವು ಕೇಳಿದಿರಿ. ನಾನು "ಕೆಲಸ ಇರಬೇಕು" ಎಂದೆ. ಅದು ಸುಳ್ಳು. ಬಾಯಿಂದ ಹೇಳಲಾಗದ್ದನ್ನು ಬರೆದಾದರೂ ಹೇಳೋಣವೆಂದು ಕೂತಿದ್ದೇನೆ. ನಾನು ಜೈನಾಪುರದ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾವು ಆಗ ಬಬಲೇಶ್ವರದಲ್ಲಿದ್ದೆವು. ಮಾಸ್ತರರು ಅಲ್ಲಿನ ಸಾಲಿಯಲ್ಲಿ ಆಟ ಕಲಿಸುತ್ತಿದ್ದರು. ನಮ್ಮ ಮನೆಗೆ ಹತ್ತಿಕೊಂಡ ಮನೆಯಲ್ಲಿ ಅವರೂ ಅವರ ಹೆಂಡತಿಯೂ ಬಾಡಿಗೆಗಿದ್ದರು. ಸುತ್ತಲಿನ ಯಾವ ಊರಲ್ಲಿ ಫುಟ್‌ಬಾಲ್ ಪಂದ್ಯ ನಡೆದರೂ ರೆಫ್ರಿ ಆಗಲು ಅವರನ್ನೇ ಕರೆಯುತ್ತಿದ್ದರು. ಅವರ ಸ್ವಂತ ಸಾಲಿಯ ಹುಡುಗರು ಆಡುವ ಪಂದ್ಯಕ್ಕೂ ಎದುರಿನ ಊರಿನವರೇ ಹಟ ಹಿಡಿದು, "ಅವರ ಬರ್ಲಿ, ಬ್ಯಾರೇದವರು ಬ್ಯಾಡ" ಎನ್ನುತ್ತಿದ್ದರು. ತಮ್ಮ ಹುಡುಗರ ಮೇಲೆ ಅವರು ಒಂದು ಕೈ ಹೆಚ್ಚೇ ಬಿಗಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬಿದ್ದವನಿಗೆ ಖರೇ ಪೆಟ್ಟಾಗಿದೆಯೋ, ನಾಟಕ ಮಾಡುತ್ತಿದ್ದಾನೋ ಎಂಬುದನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಂಗಿಯ ಕಿಸೆಯಲ್ಲಿ ಸದಾ ಒಂದು ಉಳ್ಳಾಗಡ್ಡಿ ಇರುತ್ತಿತ್ತು. ಎಚ್ಚರ ತಪ್ಪಿದವರ ಹಾಗೆ ಮಲಗಿದವನ ಪಕ್ಕ ಕೂತು, ಅದನ್ನು ಮುಷ್ಟಿಯಿಂದ ಜಜ್ಜಿ ಮೂಗಿಗೆ ಹಿಡಿದರೆ, ನಾಟಕದವನು ಸೀನುತ್ತ ಎದ್ದು ಓಡುತ್ತಿದ್ದ. ಒಮ್ಮೆ ಒಬ್ಬ ಹುಡುಗ ಬಲಗಾಲು ಹಿಡಿದುಕೊಂಡು ಚೀರಾಡುತ್ತಿದ್ದಾಗ ಇವರು ಬಗ್ಗಿ, "ಲೇ ತಮ್ಮಾ, ಅವ ಒದ್ದದ್ದು ನಿನ್ನ ಎಡಗಾಲಿಗೆ" ಎಂದರಂತೆ. ಹುಡುಗ ಗಡಬಡಿಸಿ ಎಡಗಾಲು ಹಿಡಿದುಕೊಂಡ. ಒದ್ದದ್ದು ಯಾವ ಕಾಲಿಗೂ ಅಲ್ಲ. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತಂತೆ.

ಅವರದೊಂದು ಮಾತಿತ್ತು. ಕಟ್ಟೆಯ ಮೇಲೆ ಕೂತು ನಿಮ್ಮ ಅಜ್ಜನಿಗೆ ಹೇಳುತ್ತಿದ್ದುದನ್ನು ನಾನು ಬಾಗಿಲ ಹಿಂದೆ ನಿಂತು ಎಷ್ಟೋ ಸಲ ಕೇಳಿದ್ದೇನೆ: "ಖರೇ ನೋವಾದವ ಮಣ್ಣ ಹಿಡೀತಾನ್ರಿ ಗೌಡ್ರ, ಮುಖಾ ಮುಚ್ಚಿಕೊಳ್ಳೂದಿಲ್ಲ. ಮುಖಾ ಮುಚ್ಚಿಕೊಂಡವ ಕೈಬಟ್ಟಿನ ಸಂದಿಯಿಂದ ನನ್ನ ಸೀಟಿ ನೋಡತಿರತಾನ. ಮುಖಾ ಮುಚ್ಚಿಕೊಂಡವರನ್ನ ನಾ ನಂಬೂದಿಲ್ಲ."

ನಿಮ್ಮಪ್ಪ ಆಗ ಹತ್ತನೆಯ ಇಯತ್ತೆ. ಸಾಲಿಯ ಫುಟ್‌ಬಾಲ್ ತಂಡದಲ್ಲಿ ಓಡುವುದರಲ್ಲಿ ಅವನೇ ಮುಂದು. ಯಾರೋ ದೊಡ್ಡ ಹುಡುಗರು ಅವನಿಗೆ ಬೀಳುವ ವಿದ್ಯೆಯನ್ನೂ ಕಲಿಸಿದ್ದರು. ಹಿತ್ತಲಲ್ಲಿ ಗೋಣಿಚೀಲ ಹಾಸಿಕೊಂಡು ಅಭ್ಯಾಸ ಮಾಡುತ್ತಿದ್ದ. ನಾನು ರೊಟ್ಟಿ ಬಡಿಯುತ್ತಿದ್ದರೆ ಕರೆದು, "ನೋಡ ಬೇ ಅವ್ವಾ, ಗೋಲ ಮುಂದ ಹಿಂಗ ಬಿದ್ರ ಪೆನಾಲ್ಟಿ ಸಿಗತೈತಿ" ಎಂದು ಬಿದ್ದು ತೋರಿಸುತ್ತಿದ್ದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹೊರಳುತ್ತಿದ್ದ. "ನಾಟಕದ ಕಂಪನಿ ಸೇರಕೊ ಹೋಗ, ಭಾಡ್ಯಾ" ಎಂದು ನಾನು ನಕ್ಕೆ. ಬೈಯಬೇಕಿತ್ತು. ಹಿಟ್ಟಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಆ ವರ್ಷದ ಕೊನೆಯ ಪಂದ್ಯ ಟಿಕೋಟಾದಲ್ಲಿ, ಆ ಊರಿನ ಹುಡುಗರ ಜೊತೆ. ನಮ್ಮ ಓಣಿಯವರೆಲ್ಲ ಟ್ರ್ಯಾಕ್ಟರ್ ಹೂಡಿಕೊಂಡು ಹೋದೆವು. ಗಂಡಸರು ಇಳಿದು ಗೆರೆಯ ಗುಂಟ ನಿಂತರು. ಹೆಂಗಸರು ನಾವು ಟ್ರ್ಯಾಲಿಯಲ್ಲೇ ಕೂತೆವು. ಎತ್ತರದಲ್ಲಿದ್ದುದರಿಂದ ಮೈದಾನವೆಲ್ಲ ಕಾಣುತ್ತಿತ್ತು. ರೆಫ್ರಿ ನಮ್ಮ ಮಾಸ್ತರರೇ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಗೋಲ್ ಆಗಿರಲಿಲ್ಲ. ನಿಮ್ಮಪ್ಪ ಚೆಂಡು ಒಯ್ಯುತ್ತ ಟಿಕೋಟಾದವರ ಗೋಲಿನ ಹತ್ತಿರ ಹೋದ. ಒಬ್ಬ ಹುಡುಗ ಅಡ್ಡ ಬಂದ. ನಿಮ್ಮಪ್ಪ ಬಿದ್ದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹಿತ್ತಲಲ್ಲಿ ಬೀಳುತ್ತಿದ್ದ ಹಾಗೇ ಬಿದ್ದ. ನಮ್ಮವರು "ಪೆನಾಲ್ಟಿ! ಪೆನಾಲ್ಟಿ!" ಎಂದು ಕೂಗಿದರು. ಮಾಸ್ತರರು ಒಂದು ಗಳಿಗೆ ಅವನನ್ನು ನೋಡಿ, ಕೈ ಬೀಸಿ, "ನಡೀಲಿ, ಆಟ ನಡೀಲಿ" ಎಂದು ಚೆಂಡಿನ ಹಿಂದೆ ಓಡಿದರು.

ಮೈದಾನದಲ್ಲಿದ್ದ ಎಲ್ಲರ ಕಣ್ಣೂ ಚೆಂಡಿನ ಜೊತೆ ಹೋಯಿತು. ನನ್ನದು ಹೋಗಲಿಲ್ಲ. ತಾಯಿಗೆ ಚೆಂಡು ಯಾಕೆ ಬೇಕು? ನಾನು ನೋಡುತ್ತಲೇ ಇದ್ದೆ. ನಿಮ್ಮಪ್ಪ ಮುಖದ ಮೇಲಿನ ಕೈ ತೆಗೆದು, ತಲೆ ಎತ್ತಿ, ಮಾಸ್ತರರು ಎಲ್ಲಿದ್ದಾರೆಂದು ನೋಡಿದ. ಬಲಗಾಲನ್ನು ಮಡಚಿ, ಮತ್ತೆ ಚಾಚಿದ. ಏನೂ ಆಗಿರಲಿಲ್ಲ. ಸೀಟಿ ಊದಬಹುದೆಂಬ ಆಸೆಯಿಂದ ಮತ್ತೆ ಮುಖ ಮುಚ್ಚಿಕೊಂಡು ಅಲ್ಲೇ ಮಲಗಿದ. ಅಷ್ಟರಲ್ಲಿ ಆ ತುದಿಯಿಂದ ಯಾರೋ ಬಲವಾಗಿ ಒದ್ದ ಚೆಂಡು ಹಾರಿಕೊಂಡು ಈ ಕಡೆಗೇ ಬಂತು. ಇಬ್ಬರು ಹುಡುಗರು ಆಕಾಶ ನೋಡುತ್ತ ಓಡಿಬಂದರು. ಮಲಗಿದವನ ಮೇಲೆ ಇಬ್ಬರೂ ಎಡವಿ ಬಿದ್ದರು. ಧೂಳು ಎದ್ದಿತು. ಆಗ ಕೇಳಿದ ಕೂಗು ಬೇರೆ. ಅದು ಹಿತ್ತಲಿನ ಕೂಗಲ್ಲ. ಧೂಳು ಇಳಿದಾಗ ನನ್ನ ಮಗ ಎರಡೂ ಕೈಯಲ್ಲಿ ಮಣ್ಣು ಹಿಡಿದಿದ್ದ.

ನಿಮ್ಮ ಅಜ್ಜ ಓಡಿಹೋಗಿ ಮಾಸ್ತರರ ಕೊರಳಪಟ್ಟಿ ಹಿಡಿದರು. "ನಮ್ಮ ಮಗ್ಗಲಮನಿಯಾಗ ಇದ್ದು ನಮ್ಮ ಹುಡುಗನ ಕಾಲ ಮುರಿಸಿದೆಲ್ಲೋ! ಅವ ಬಿದ್ದು ಒದ್ದಾಡಾಕತ್ತಿದ್ರ ಕೈ ಬೀಸಿ ಹೋದೆಲ್ಲೋ!" ಎಂದು ಜಗ್ಗಿದ ರಭಸಕ್ಕೆ ಸೀಟಿಯ ದಾರ ಹರಿಯಿತು. ಮಾಸ್ತರರ ಕಿಸೆಯಿಂದ ಉಳ್ಳಾಗಡ್ಡಿ ಬಿದ್ದು ಉರುಳಿತು. ಹುಡುಗ ಬಿದ್ದಲ್ಲಿಂದ ಎದ್ದೇ ಇರಲಿಲ್ಲವಾದ್ದರಿಂದ, ಮೊದಲ ಸಲ ಬಿದ್ದಾಗಲೇ ಕಾಲು ಮುರಿದಿತ್ತು, ಮಾಸ್ತರರು ಅದನ್ನು ನಾಟಕವೆಂದು ಬಿಟ್ಟರು ಎಂದು ಊರು ತಿಳಿಯಿತು, ಅವರೂ ಹಾಗೇ ತಿಳಿದರು. ಹಾಗಲ್ಲ ಎಂದು ಹೇಳಬಹುದಾಗಿದ್ದವಳು ಟ್ರ್ಯಾಲಿಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ. ಅಷ್ಟು ಗಂಡಸರ ನಡುವೆ ನನ್ನ ದನಿ ಹೊರಡಲಿಲ್ಲ.

ವಿಜಯಪುರದ ದವಾಖಾನೆಯಲ್ಲಿ, ನಿಮ್ಮ ಅಜ್ಜ ಔಷಧಿ ತರಲು ಹೋದಾಗ, ನಿಮ್ಮಪ್ಪ ನನ್ನ ಕೈ ಹಿಡಿದು, "ಅವ್ವಾ, ನೀ ನೋಡಿದಿ ಅಲ್ಲಾ?" ಎಂದ. ನಾನು ಹೂಂ ಎಂದೆ. "ಅಪ್ಪಗ ಹೇಳಬ್ಯಾಡ ಬೇ. ಎಲ್ಲಾರ ಮುಂದ ಸರ್ರನ್ನ ಬೈದಾನ. ಈಗ ಗೊತ್ತಾದ್ರ ನನ್ನ ಇನ್ನೊಂದು ಕಾಲೂ ಮುರೀತಾನ." ಹದಿನಾರು ವರ್ಷದ ಹುಡುಗ, ಕಾಲಿಗೆ ಪ್ಲಾಸ್ಟರ್. ನಾನು ಹೇಳುವುದಿಲ್ಲ ಎಂದೆ.

ಪ್ಲಾಸ್ಟರ್ ತೆಗೆದ ಮರುದಿನ ಸಂಜೆ ಮಾಸ್ತರರು ನಮ್ಮ ಬಾಗಿಲಿಗೆ ಬಂದರು. ನಿಮ್ಮ ಅಜ್ಜ ಮುಖ ತಿರುಗಿಸಿ ಒಳಗೆ ಹೋದರು. ಮಾಸ್ತರರು ಹುಡುಗನಿಗೆ ಹೆಗಲು ಕೊಟ್ಟು, ಮನೆಯಿಂದ ಊರ ಅಗಸಿ ಬಾಗಿಲಿನವರೆಗೆ ನಡೆಸಿಕೊಂಡು ಹೋಗಿ ಕರೆತಂದರು. ಮರುದಿನವೂ ಬಂದರು. ನಾಲ್ಕು ತಿಂಗಳು ಒಂದು ಸಂಜೆಯೂ ತಪ್ಪಲಿಲ್ಲ. "ಹಿಮ್ಮಡ ಊರು, ಹಿಮ್ಮಡ ಊರು ಮಗನ" ಎಂಬ ಅವರ ದನಿ ಓಣಿಯ ತುದಿಯಿಂದ ಕೇಳುತ್ತಿತ್ತು. ಇವತ್ತು ನಿಮ್ಮಪ್ಪ ತುಸು ಎಳೆದಾದರೂ ತನ್ನ ಕಾಲ ಮೇಲೆ ನಡೆಯುತ್ತಾನೆಂದರೆ ಅದು ಅವರ ಹೆಗಲಿನಿಂದ.

ಒಂದು ಸಂಜೆ ಹೇಳಿಯೇಬಿಡುವುದೆಂದು ಚಹಾ ಹಿಡಿದು ಕಟ್ಟೆಗೆ ಬಂದೆ. ಅವರು ತಲೆ ತಗ್ಗಿಸಿ ಕೂತಿದ್ದರು. "ತಂಗೆವ್ವಾ," ಎಂದರು, "ಅವ ಮುಖಾ ಮುಚ್ಚಿಕೊಂಡಿದ್ದ. ನನ್ನ ಕಣ್ಣಾರೆ ನೋಡೇನಿ. ಆದ್ರೂ ಕಾಲ ಮುರದಿತ್ತು. ಇಷ್ಟು ವರ್ಷ ನಾ ನೋಡಿದ್ದೆಲ್ಲಾ ಹಿಂಗ ಸುಳ್ಳ ಇತ್ತೇನೋ." ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ನಿಮ್ಮ ಅಜ್ಜ ಕೆಮ್ಮಿದರು. "ಸಕ್ಕರಿ ಸಾಕೇನ್ರಿ?" ಎಂದೆ. "ಸಾಕವ್ವಾ" ಎಂದರು.

ಆಮೇಲೆ ಅವರು ಯಾರು ಬಿದ್ದರೂ ಸೀಟಿ ಊದತೊಡಗಿದರು. ಹುಡುಗರಿಗೆ ಇದು ತಿಳಿಯಲು ಎಷ್ಟು ದಿನ ಬೇಕು? ಸಾರವಾಡದಲ್ಲಿ ಒಂದು ಪಂದ್ಯ ನೋಡಲು ನಿಮ್ಮಪ್ಪ ಹೋಗಿದ್ದ. ಹೊತ್ತು ಮುಳುಗುವ ಮೊದಲೇ ತಿರುಗಿ ಬಂದು ರೊಟ್ಟಿ ಮುಟ್ಟದೆ ಕೂತ. ಗಾಳಿ ಬಡಿದಂತೆ ಹುಡುಗರು ಬೀಳುತ್ತಿದ್ದರಂತೆ. ಬೇಲಿಯ ಹತ್ತಿರ ನಿಂತವನೊಬ್ಬ, "ಮಾಸ್ತರ್ರ, ನನಗ ಹೊಟ್ಟಿ ನೋಯಾಕತ್ತೈತ್ರಿ, ನನಗೂ ಒಂದು ಸೀಟಿ ಊದ್ರಿ!" ಎಂದು ಎಲ್ಲರನ್ನೂ ನಗಿಸಿದನಂತೆ. ಕೊನೆಗೆ ಗೋಲಿನ ಮುಂದೆ ಒಬ್ಬ ಬಿದ್ದ. ಮಾಸ್ತರರು ಪೆನಾಲ್ಟಿ ಕೊಟ್ಟರು. ಸೋಲುವ ಹುಡುಗರು ಅಳುತ್ತ, "ಸರ್ರ, ಅವ ಮುಖಾ ಮುಚ್ಚಿಕೊಂಡು ನಗಾಕತ್ತಿದ್ದರಿ" ಎಂದರೆ, ಇವರು, "ನನಗೂ ಕಂಡಿತಪ್ಪಾ. ಆದ್ರ ಮುಖಾ ನೋಡಿ ಒಮ್ಮೆ ಕೆಟ್ಟೇನಿ" ಎಂದರಂತೆ.

"ಸರ್ರು ನನ್ನಿಂದ ಹಾಳಾದ್ರು ಬೇ" ಎಂದು ನಿಮ್ಮಪ್ಪ ಅತ್ತ.

"ಹಂಗಾರ ಹೋಗಿ ಹೇಳೋ, ಯಪ್ಪಾ."

"ಅಪ್ಪ?" ಎಂದ. ನಿಮ್ಮ ಅಜ್ಜ ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದರು. ಇಬ್ಬರೂ ಆ ಕಡೆ ನೋಡಿದೆವು. ಮುಟ್ಟದ ರೊಟ್ಟಿಯನ್ನು ನಾನು ಎತ್ತಿಟ್ಟೆ. ನಿಮ್ಮ ಅಜ್ಜ ಕೆಟ್ಟವರಲ್ಲ. ಆದರೆ ಊರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರೂ ಆಗಿರಲಿಲ್ಲ.

ಕ್ರಮೇಣ ಮಾಸ್ತರರನ್ನು ಪಂದ್ಯಕ್ಕೆ ಕರೆಯುವುದು ನಿಂತಿತು. ನೌಕರಿ ಮುಗಿದ ಮೇಲೆ ಅವರು ವಿಜಯಪುರಕ್ಕೆ ಹೋಗಿ, ಭೂತನಾಳದ ದಾರಿಯಲ್ಲಿ ಮನೆ ಮಾಡಿದರು. ನಿಮ್ಮಪ್ಪನೂ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಹಾಕಿ ನಮ್ಮನ್ನು ಇದೇ ಊರಿಗೆ ಕರೆತಂದ. ನಿಮ್ಮ ಅಜ್ಜ ತೀರಿಕೊಂಡರು. ಇನ್ನು ಅಂಜಲು ಯಾರೂ ಇರಲಿಲ್ಲ. ಆದರೂ ನಾನು ಹೋಗಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಮುಚ್ಚಿಟ್ಟ ಮಾತು ದಿನ ಕಳೆದಷ್ಟೂ ಬಾಯಿಗಿಂತ ದೊಡ್ಡದಾಗುತ್ತದೆ.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾಯಿತು. "ನಡಿ, ಇಬ್ಬರೂ ಹೋಗೂಣು" ಎಂದೆ. "ನೀ ಮೊದಲ ಹೋಗಿ ಬಾ ಬೇ. ನಾ ಐತವಾರ ಹೋಗತೀನಿ" ಎಂದ ನಿಮ್ಮಪ್ಪ. ಆಟೋ ಮಾಡಿಕೊಂಡು ಒಬ್ಬಳೇ ಹೋದೆ. ಮಾಸ್ತರರು ಹಾಸಿಗೆಯಲ್ಲಿ ಹುಡುಗನಷ್ಟು ಸಣ್ಣವರಾಗಿದ್ದರು. ಕೊರಳ ಗೆರೆ ಮಾಸಿ ಹೋಗಿತ್ತು. ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದರು.

"ಹುಡುಗನ ಕಾಲು ಹ್ಯಾಂಗೈತಿ ತಂಗೆವ್ವಾ?" ಎಂದು ಅವರೇ ಮೊದಲು ಕೇಳಿದರು.

ಹೇಳಿದೆ. ಗೋಣಿಚೀಲದಿಂದ ಹಿಡಿದು, ತಲೆ ಎತ್ತಿ ನೋಡಿದ್ದು, ಕಾಲು ಮಡಚಿದ್ದು, ಇಬ್ಬರು ಹುಡುಗರು ಬಂದು ಬಿದ್ದದ್ದು, ಎಲ್ಲ ಹೇಳಿದೆ. "ನಿಮ್ಮ ತೀರ್ಪು ಬರೋಬ್ಬರಿ ಇತ್ರಿ ಸರ್ರ. ಅದು ನಾಟಕನ ಇತ್ರಿ. ನಾ ನೋಡೇನ್ರಿ" ಎಂದೆ. ಜನ್ಮದಲ್ಲಿ ಪರಗಂಡಸಿನ ಎದುರು ನಾನು ಅಷ್ಟು ಮಾತಾಡಿದ್ದು ಅದೊಂದೇ ಸಲ.

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಚೊಲೊ ಮನಸು ನಿಂದು."

"ಇಲ್ರಿ, ದೇವರಾಣಿ ಖರೇ ಹೇಳಾಕತ್ತೇನ್ರಿ."

"ಖರೇ ಇದ್ರ ಮುಖಾ ಯಾಕ ಮುಚ್ಚಿಕೊಂಡಿ, ತಂಗೆವ್ವಾ?" ಎಂದರು.

ಆಗ ನೋಡಿಕೊಂಡೆ. ನನ್ನ ಅರ್ಧ ಮುಖದ ಮೇಲೆ ಸೆರಗು ಇತ್ತು. ಮದುವೆಯಾಗಿ ಬಂದಾಗಿನಿಂದ ಹಿರಿಯರ ಮುಂದೆ ನಾನು ಮಾತಾಡಿದ್ದೇ ಹಾಗೆ. ಮುಚ್ಚಿಕೊಂಡದ್ದು ನನಗೆ ಗೊತ್ತೇ ಆಗಿರಲಿಲ್ಲ. ಗಡಬಡಿಸಿ ಸೆರಗು ಸರಿಸಿದೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿ ಗೋಡೆಯ ಕಡೆಗೆ ಹೊರಳಿದ್ದರು. ಮುಖದಲ್ಲಿ ಆ ನಗೆ ಹಾಗೇ ಇತ್ತು. ಸಣ್ಣ ಹುಡುಗನ ನಾಟಕ ಹಿಡಿದು ಬೈಯದೆ ಬಿಟ್ಟಾಗ ಅವರು ನಗುತ್ತಿದ್ದ ನಗೆ.

ಐತವಾರ ನಿಮ್ಮಪ್ಪ ಹೋದ. ಅವರಿಗೆ ಮಾತು ನಿಂತಿತ್ತು, ಗುರುತೂ ಹತ್ತಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದನಂತೆ. ಕೇಳಿಸಿತೋ ಇಲ್ಲವೋ. ಅವನ ಬಲಗಾಲಿನ ಮೇಲೆ ಅವರ ಕೈ ಇತ್ತಂತೆ, ಅದನ್ನು ಅವರು ಇಟ್ಟರೋ ತಾನೇ ಎತ್ತಿಟ್ಟುಕೊಂಡನೋ ನಿಮ್ಮಪ್ಪನಿಗೂ ನೆನಪಿಲ್ಲ. ಮಂಗಳವಾರ ಮಾಸ್ತರರು ತೀರಿಕೊಂಡರು.

ಇದನ್ನು ಬರೆಯುವ ಮೊದಲು ನಿಮ್ಮಪ್ಪನನ್ನು ಕೇಳಿದೆ. "ಬರಿ ಬೇ" ಎಂದ. ಅವನನ್ನು ಕೀಳಾಗಿ ನೋಡಬೇಡಿರಿ. ಅವನು ಆಗ ಸಣ್ಣವನು, ನಾನು ದೊಡ್ಡವಳಿದ್ದೆ. ಟಿಕೋಟಾದ ಮೈದಾನದಲ್ಲಿ ಮಾಸ್ತರರು ಕೈ ಬೀಸಿದ್ದು ಸರಿಯಾಗಿತ್ತು. ಅದನ್ನು ಕಂಡವಳು ನಾನೊಬ್ಬಳೇ, ನನಗೂ ಈಗ ವಯಸ್ಸಾಯಿತು. ಅವರಿಗೆ ಮುಟ್ಟದ ಮಾತು ಎಲ್ಲಿಯಾದರೂ ಬರೆದಿರಲಿ ಎಂದು ಬರೆದೆ. ಕಾಗದದ ಮುಂದೆ ಸೆರಗು ಬೇಕಾಗಲಿಲ್ಲ. ಅಕ್ಷತಾ, ಈ ಹಾಳೆಗಳನ್ನು ನಿನ್ನ ಮಾರ್ಕ್ಸ್‌ ಕಾರ್ಡ್ ಇಡುವ ಫೈಲಿನಲ್ಲಿ ಇಟ್ಟುಕೋ. ಸಿದ್ದು, ಹಿಂದಿನ ಕೋರಾ ಬದಿಯಲ್ಲಿ ಚಿತ್ರ ಬರೆಯಬೇಡ. ಹಾಳೆ ಒದ್ದೆಯಾಗದ ಹಾಗೆ, ಹರಿಯದ ಹಾಗೆ ಇಬ್ಬರೂ ಜೋಪಾನ ಮಾಡಿರಿ.